ಎಡಗಡೆ ಹೆದರಿಕೆ, ಬಲಗಡೆ ತಪ್ಪು

ಅಕ್ಕೋರ ತೋರುಬೆರಳ ತುದಿ ಸದಾ ಕೆಂಪಾಗಿರುತ್ತಿತ್ತು. ನಮ್ಮ ಹಾಳೆಯ ತಪ್ಪುಗಳಿಗೆ ಸುತ್ತು ಹಾಕುವ ಕೆಂಪು ಪೆನ್ಸಿಲನ್ನು ಬ್ಲೇಡಿನಿಂದ ಚೂಪು ಮಾಡಿ, ಮೊನೆಯನ್ನು ಬೆರಳಿಗೆ ಒತ್ತಿ ನೋಡುತ್ತಿದ್ದರು. ಮುಂಬಯಿಯ ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರ, ಆರು ಮಷೀನುಗಳ ಟೈಪಿಂಗ್ ಕ್ಲಾಸು ಅವರದು. ಧಾರವಾಡದ ಕಡೆಯವರು. ಉಳಿದವರಿಗೆ ಟೀಚರ್, ಕನ್ನಡದ ಹುಡುಗಿಯರಿಗೆ ಅಕ್ಕೋರು.

1986ರ ಪರೀಕ್ಷೆಯಲ್ಲಿ ಗಂಟೆ ಹೊಡೆದ ಕೂಡಲೇ ನನ್ನ ಕೈ ಮರಗಟ್ಟಿತು. ಒಂದು ಸಾಲೂ ಹೊಡೆಯದೆ ಎದ್ದು ಬಂದೆ. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ, ಹೆದರಬೇಡ. ಆ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಅಕ್ಕೋರು ಹಾಗೆನ್ನಲಿಲ್ಲ. ನನ್ನ ಡೈರಿ ಕಸಿದು, ಹಾಳೆಯ ನಡುವೆ ಗೆರೆ ಎಳೆದರು.

"ಇವತ್ತ ಎಷ್ಟ್ ತಪ್ಪ್ ಮಾಡ್ತೀ? ಎಡಕ್ಕ ಬರಿ. ಆಮ್ಯಾಲೆ ಟೈಪ್ ಮಾಡು. ಹೆದರಿಕಿ ಖರೇ ಹೇಳ್ತೈತೋ ಸುಳ್ಳ ಹೇಳ್ತೈತೋ, ಎಣಿಸಿ ನೋಡೂಣು."

ಎಡಕ್ಕೆ ಮೂವತ್ತು ಎಂದು ಬರೆದೆ. ಬಲಕ್ಕೆ ಬಂದದ್ದು ಒಂಬತ್ತು. ಹೀಗೇ ನಲವತ್ತೆರಡು ದಿನ. ಎರಡು ದಿನ ಮಾತ್ರ ಬಲಗಡೆಯದು ಹೆಚ್ಚಾಯಿತು. ಇವತ್ತು ಹೆದರಿಕೆ ನಿಜ ಹೇಳಿದೆ, ಅದನ್ನೂ ಬರೆ ಎಂದರು. ಎಚ್ಚರ ತಪ್ಪುತ್ತದೆ ಎಂದು ಬರೆದ ದಿನ, "ಎಷ್ಟ್ ಸಲ ಬಿದ್ದಿ? ತೋರ್ಸು" ಎಂದು ರೇಗಿಸಿದರು. ಎರಡನೆಯ ಸಲ ಪಾಸಾದೆ. ದಾದರಿನಲ್ಲಿ ಕೆಲಸವೂ ಸಿಕ್ಕಿತು.

1989ರ ಒಂದು ಸಂಜೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಅಕ್ಕೋರು ಕಂಬಿ ಹಿಡಿದು ನಿಂತಿದ್ದರು. ಉಸಿರು ಸಾಲುತ್ತಿಲ್ಲ, ಎದೆ ಬಿಗಿಯುತ್ತದೆ, ವಾರದಿಂದ ಹೀಗೇ ಎಂದರು. ನಾನು ಮಹಾ ಜಾಣೆ. ನಗುತ್ತಾ ಡೈರಿ ತೆಗೆದೆ.

"ಎಷ್ಟು ಸಲ ಬಿದ್ದಿದ್ದೀರಿ ಅಕ್ಕೋರೇ? ತೋರಿಸಿ."

ಅವರೂ ನಕ್ಕರು. "ಭಾಳ ಕಲ್ತಿ ಬಿಡವಾ" ಎಂದು ಬೆನ್ನು ತಟ್ಟಿದರು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗಿ ಎಂದು ನಾನೂ ಹೇಳಲಿಲ್ಲ. ಹನ್ನೊಂದನೆಯ ದಿನ ಅದೇ ಸೇತುವೆಯ ಮೇಲೆ ಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಎಣಿಸಿ ನೋಡೋಣ ಎಂದು ಕಲಿಸಿದವರು ಅವರು. ನಾನು ಎಣಿಸಲಿಲ್ಲ. ಬಲಗಡೆ ಖಾಲಿ ಇರುವಾಗಲೇ ಹೆದರಿಕೆ ಸುಳ್ಳು ಎಂದು ತೀರ್ಮಾನಿಸಿದೆ. ನನ್ನ ಮೇಲಿನ ಸಿಟ್ಟು ಇಳಿದಿಲ್ಲ. ಅವರ ಮೇಲೂ ಇದೆ. ಒಂದು ಅಕ್ಷರ ತಪ್ಪಿದರೂ ಬಿಡದವರು, ನನ್ನ ಅಂಥ ತಪ್ಪಿಗೆ ಸುತ್ತು ಹಾಕದೆ ಬೆನ್ನು ತಟ್ಟಿದರಲ್ಲ!

ಮೆಟ್ಟಿಲಲ್ಲಿ ನಕ್ಕ ಆ ದಿನದ ಪುಟಕ್ಕೆ ನಾನೇ ಕೆಂಪು ಸುತ್ತು ಹಾಕಿದ್ದೇನೆ. ಅವರು ಹೋದ ಮರುದಿನದ ಪುಟದಲ್ಲಿ ಎಡಕ್ಕೆ, 'ಆ ಸೇತುವೆ ಹತ್ತಲಾರೆ.' ಬಲಕ್ಕೆ, 'ಹತ್ತಿದೆ. 8.40ರ ಲೋಕಲ್.'