ಅನುಸೂಯ ಮೇಡಂ ಹೇಳಿಕೊಟ್ಟ ವೈರು

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಅನುಸೂಯ ಅವತ್ತಿನ ಪಾಠ ಓದಿಕೊಳ್ಳುತ್ತಿದ್ದಳು. ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕಿದ್ದಳು. ಹುಡುಗರು ಯಾರಾದರೂ ಅದೇ ಬಸ್ಸು ಹತ್ತಿದರೆ, ಮೇಡಮ್ಮೇ ಈಗ ಕಲಿತುಕೊಂಡು ಬರುತ್ತಿದ್ದಾರೆ ಎಂದು ಗೊತ್ತಾಗಬಾರದಲ್ಲ.

ಇದು ೧೯೯೮ರ ಮಾತು. ಅವಳಿಗಾಗ ಇಪ್ಪತ್ತಾರು. ದುರ್ಗದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದಳು. ಜೂನ್ ತಿಂಗಳಲ್ಲಿ ಪ್ರಿನ್ಸಿಪಾಲ್ ತಿಪ್ಪೇರುದ್ರಪ್ಪನವರು ಕರೆಸಿ, "ಡೇಟಾ ಕಮ್ಯುನಿಕೇಶನ್ನು, ನೆಟ್‌ವರ್ಕು ಅಂತ ಹೊಸಾ ಸಬ್ಜೆಕ್ಟ್ ಬಂದೈತೆ. ನೀವೇ ತಗೊಳ್ರಿ," ಎಂದರು. ಬಿ.ಇ.ಯಲ್ಲಿ ಅವಳು ಅದನ್ನು ಓದಿದ್ದು ಒಂದೇ ಒಂದು ಅಧ್ಯಾಯ, ಅದೂ ಪರೀಕ್ಷೆಗೆ ಬರಲಿಲ್ಲ. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಗಲ್ಲ ಎನ್ನಲು ಬಾಯಿ ಬರಲಿಲ್ಲ.

ಲ್ಯಾಬಿನಲ್ಲಿ ಒಂಬತ್ತು ಕಂಪ್ಯೂಟರಿದ್ದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇದರಲ್ಲಿದ್ದದ್ದು ಅದಕ್ಕೆ ಹೋಗಬೇಕೆಂದರೆ ಫ್ಲಾಪಿಗೆ ಹಾಕಿಕೊಂಡು ಎದ್ದು ಹೋಗಬೇಕು. ಎರಡು ಕಂಪ್ಯೂಟರು ಮಾತಾಡುವುದನ್ನು ಅವಳು ಕಣ್ಣಾರೆ ಕಂಡೇ ಇರಲಿಲ್ಲ. ಆದರೂ ಪಾಠ ಚೆನ್ನಾಗಿಯೇ ಮಾಡುತ್ತಿದ್ದಳು. ಉದ್ದದ ಕಾಗದ ಹರಿದು, ತುಂಡುತುಂಡಿಗೂ ವಿಳಾಸ ಮತ್ತು ನಂಬರು ಬರೆದು, ಹಿಂದಿನ ಬೆಂಚಿಗೆ ಬೇರೆಬೇರೆ ಸಾಲಿನಿಂದ ದಾಟಿಸಿ, ಕಂಪ್ಯೂಟರಿನ ಸುದ್ದಿ ಹೀಗೆ ಹೋಗುತ್ತದೆ ಎಂದು ತೋರಿಸಿದ ದಿನ ಹುಡುಗರು ಚಪ್ಪಾಳೆ ಹೊಡೆದಿದ್ದರು.

ಆ ತರಗತಿಯಲ್ಲಿ ಮತ್ತೋಡಿನ ಪ್ರಸನ್ನಕುಮಾರ್ ಎಂಬ ಹುಡುಗನಿದ್ದ. ಕೇಳಿದ್ದನ್ನು ಕೇಳಿದ ಹಾಗೇ ನಂಬುವ ಜಾತಿ. ಒಂದು ದಿನ ಎದ್ದು ನಿಂತು, "ಮೇಡಂ, ವೈರೆಲ್ಲ ಬಂದು ಸೇರೋ ಹಬ್ ಡಬ್ಬಿ ನಡುವೆ ಇಲ್ದೆ ಎರಡೇ ಕಂಪ್ಯೂಟರ್ ನೇರ ಜೋಡಿಸ್‌ಬೋದಾ?" ಎಂದು ಕೇಳಿದ.

ಪುಸ್ತಕದಲ್ಲಿ ಅದಿರಲಿಲ್ಲ. "ಯಾಕಾಗಲ್ಲಪ್ಪ? ಅದೇ ವೈರು. ಎಂಟು ಎಳೆ, ಎರಡೂ ತುದಿಗೆ ಒಂದೇ ಬಣ್ಣದ ಸಾಲು. ಆಯ್ತು."

"ನೀವು ಮಾಡಿ ನೋಡಿದೀರಾ ಮೇಡಂ?"

ನಲವತ್ತು ಮುಖಗಳು ಅವಳನ್ನೇ ನೋಡುತ್ತಿದ್ದವು. "ಹೂಂ, ನೋಡಿದೀನಿ," ಎಂದುಬಿಟ್ಟಳು.

ಮರುವರ್ಷ ಪ್ರಸನ್ನಕುಮಾರ್ ಪಾಸಾಗಿ, ಹಿರಿಯೂರಿನ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕೆಲಸ ಸಿಕ್ಕಿತೆಂದು ಪೇಡ ತಂದುಕೊಟ್ಟು ಹೋದ. ಎರಡು ತಿಂಗಳಾಗಿರಬೇಕು, ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ. ಗಡ್ಡ ಬಂದಿತ್ತು.

"ಕೆಲ್ಸ ಬಿಡಿಸಿದ್ರು ಮೇಡಂ. ಎರಡು ಕಂಪ್ಯೂಟರ್ ಜೋಡ್ಸು ಅಂದ್ರು. ನೀವು ಹೇಳ್ದಂಗೇ ವೈರು ಮಾಡ್ದೆ, ಹತ್ತು ಸಲ ಮಾಡ್ದೆ. ವೈರು ಸಿಕ್ಕಿಸೋ ಜಾಗದ ಲೈಟೇ ಹತ್ತಲಿಲ್ಲ. ವೈರು ಸರಿ ಐತೆ, ಕಂಪ್ಯೂಟರ್ ಒಳಗಿನ ನೆಟ್‌ವರ್ಕ್ ಕಾರ್ಡೇ ಕೆಟ್ಟಿರೋದು ಅಂತ ಸಾವ್ಕಾರ್ರಿಗೆ ಹೇಳ್ದೆ. ದಾವಣಗೆರೆಯಿಂದ ಕಂಪ್ಯೂಟರ್ ಅಂಗಡಿಯವ್ನು ಬಂದ. ಕಾರ್ಡು ಚೆನ್ನಾಗೇ ಅವೆ ಅಂದ, ಚೀಲದಿಂದ ಬೇರೆ ವೈರು ತೆಗೆದು ಹಾಕ್ದ. ಹತ್ತಿತು. ಸಾವ್ಕಾರ್ರು ನನ್ನ ಸುಳ್ಳ ಅಂದ್ರು."

ಈಗಲಾದರೂ ಅನುಸೂಯ ನಿಜ ಹೇಳಬಹುದಿತ್ತು. ಆದರೆ ಬಾಯಿಂದ ಬಂದದ್ದು, "ಕಾರ್ಡು ಬೇರೆ ಕಂಪನಿದಿರ್ಬೇಕಪ್ಪ" ಎಂಬ ಮಾತು. ಅವನು ತಲೆಯಾಡಿಸಿ ಹೊಸದುರ್ಗದ ಬಸ್ಸು ಹತ್ತಿದ.

ಆ ವಾರವೆಲ್ಲ ಅವಳಿಗೆ ಪಾಠದ ನಡುವೆ ಮಾತು ನಿಂತುಹೋಗುತ್ತಿತ್ತು. ಶನಿವಾರ ಅರ್ಧ ದಿನ ರಜೆ ಹಾಕಿ ಹಿರಿಯೂರಿಗೆ ಹೋದಳು. ಮಿಲ್ಲಿನ ಮಾಲೀಕರು ಮುರುಗಪ್ಪನವರು, ಬಿಳಿ ಅಂಗಿಯ ದಪ್ಪನೆಯ ಮನುಷ್ಯ. ಒಂದು ಸಲ ದಾವಣಗೆರೆಯವನು ಹಾಕಿದ ಆ ವೈರು ನೋಡಬೇಕು ಎಂದಾಗ ಅವರಿಗೆ ಅರ್ಥವಾಗಲಿಲ್ಲವಾದರೂ, "ನೋಡ್ಕಳ್ರಿ" ಎಂದರು.

ಕಡಲೆಕಾಯಿ ಹಿಂಡಿಯ ವಾಸನೆಯ ಆ ಕೋಣೆಯಲ್ಲಿ ಮೊಣಕಾಲೂರಿ ಕೂತು ಎರಡೂ ತುದಿಯ ಬಣ್ಣಗಳನ್ನು ಕಾಗದದ ಮೇಲೆ ಬರೆದುಕೊಂಡಳು. ಒಂದು ತುದಿಯಲ್ಲಿ ಕಿತ್ತಳೆ ಜೋಡಿ ಇದ್ದ ಕಡೆ ಇನ್ನೊಂದು ತುದಿಯಲ್ಲಿ ಹಸಿರು ಜೋಡಿ ಇತ್ತು. ಒಂದು ಜೋಡಿ ಕಳಿಸುವುದಕ್ಕೆ, ಇನ್ನೊಂದು ಕೇಳಿಸಿಕೊಳ್ಳುವುದಕ್ಕೆ. ಹಬ್ ಇದ್ದರೆ ಅದಲು ಬದಲನ್ನು ಅದೇ ಮಾಡುತ್ತದೆ. ಇಲ್ಲದಿದ್ದರೆ ವೈರಿನಲ್ಲೇ ಮಾಡಬೇಕು. ಇಷ್ಟೇ.

"ತಪ್ಪು ಆ ಹುಡುಗಂದಲ್ಲ ಸಾರ್, ನಂದು. ನಾನೇ ತಪ್ಪು ಹೇಳಿಕೊಟ್ಟಿದ್ದೆ. ಅವನನ್ನ ವಾಪಸ್ ಕರೀರಿ."

"ಆ ಜಾಗಕ್ಕೆ ಬೇರೆಯವ್ರು ಬಂದ್ರಲ್ಲಮ್ಮ," ಎಂದರು ಮುರುಗಪ್ಪನವರು.

ಭಾನುವಾರ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಮತ್ತೋಡಿನ ಬಸ್ಸು ಹಿಡಿದಳು. ಪ್ರಸನ್ನಕುಮಾರನ ತಾಯಿ ಓಬವ್ವ ಚಾಪೆ ಹಾಸಿ, "ಕುಂತ್ಕಳ್ರಿ ಮೇಡಂ, ನಮ್ಮ ಮನೆಗೆ ಬಂದ್ರಲ್ಲ," ಎಂದು ಸಂಭ್ರಮಪಟ್ಟಳು. ಆಕೆ ಕಾಫಿ ತರಲು ಒಳಗೆ ಹೋಗುವವರೆಗೂ ಅನುಸೂಯ ಕಾಯಲಿಲ್ಲ. ಇಬ್ಬರ ಮುಂದೆಯೇ ಹೇಳಿದಳು: ಮಾಡಿ ನೋಡಿರಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದೂ ಸುಳ್ಳು.

ಪ್ರಸನ್ನಕುಮಾರ್ ಅವಳು ಹಿರಿಯೂರಿನಲ್ಲಿ ಬರೆದುಕೊಂಡ ಕಾಗದ ಇಸಕೊಂಡು ಬಣ್ಣಗಳ ಮೇಲೆ ಬೆರಳಾಡಿಸಿದ. "ಅಂದ್ರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೆ ನಾನು," ಎಂದ. ನಗಲಿಲ್ಲ. ಕಾಗದ ಮಡಚಿಟ್ಟು, "ಗೊತ್ತಿಲ್ಲ ಅಂದಿದ್ರೆ ಬೇರೆ ಯಾರನ್ನಾದ್ರೂ ಕೇಳ್ತಿದ್ದೆ ಮೇಡಂ. ನೀವು ನೋಡಿದೀನಿ ಅಂದ್ರಿ. ಅದ್ಕೇ ವೈರಿನ ಮೇಲೆ ಅನುಮಾನಾನೇ ಬರ್ಲಿಲ್ಲ," ಎಂದ. ಓಬವ್ವ ಮಗನ ಮುಖ, ಮೇಡಂ ಮುಖ ನೋಡಿದಳು. ಕಾಫಿ ತಂದುಕೊಟ್ಟಳು.

ಅವನು ಬಸ್‌ಸ್ಟಾಪಿನವರೆಗೆ ಕಳಿಸಲು ಬರಲಿಲ್ಲ.

ಅನುಸೂಯ ಆ ಸಬ್ಜೆಕ್ಟನ್ನು ಬಿಡಲಿಲ್ಲ. ರಜೆಯಲ್ಲಿ ಬೆಂಗಳೂರಿಗೆ ಹೋಗಿ ಇಪ್ಪತ್ತು ದಿನದ ತರಬೇತಿ ಮುಗಿಸಿ ಬಂದಳು. ಪ್ರಿನ್ಸಿಪಾಲರ ಹಿಂದೆ ಬಿದ್ದು ಲ್ಯಾಬಿಗೆ ಕಾರ್ಡು, ವೈರು ತರಿಸಿದಳು. ಆದರೂ ಹುಡುಗರು ಪ್ರಶ್ನೆ ಕೇಳಲು ಎದ್ದು ನಿಂತರೆ, ಉತ್ತರ ಹೇಳುವ ಮೊದಲು ಅವಳು ಒಂದು ಸಲ ಪುಸ್ತಕ ತೆರೆದು ನೋಡುತ್ತಿದ್ದಳು.

ನಾಲ್ಕು ವರ್ಷದ ಮೇಲೆ ದುರ್ಗದ ಒಂದು ಕಂಪ್ಯೂಟರ್ ಅಂಗಡಿಗೆ ಹೋದಾಗ ಪ್ರಸನ್ನಕುಮಾರ್ ಅಲ್ಲಿ ಕೆಲಸಕ್ಕಿದ್ದ. "ಬರ್ರಿ ಮೇಡಂ," ಎಂದು ಸ್ಟೂಲು ಹಾಕಿದ. ಬೇಕಾದದ್ದನ್ನು ಕಟ್ಟಿಕೊಟ್ಟ, ಬಿಲ್ಲು ಬರೆದ. ಮದುವೆಯಾಯಿತಾ, ತಾಯಿ ಹೇಗಿದ್ದಾರೆ ಎಂದು ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ್ದ.