ಶೀನಣ್ಣ ತಿದ್ದಿದ ಪೋಸ್ಟ್‌ಕಾರ್ಡುಗಳು

ಗೆಳೆಯರೇ, ಇವತ್ತು ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಹಳೆಯ ಪೋಸ್ಟ್‌ಕಾರ್ಡುಗಳ ಪ್ರದರ್ಶನವಿತ್ತು. ಒಂದು ಗೋಡೆಯ ತುಂಬ, ಕಾರಿನಲ್ಲೇ ಕೂತು ತಿನ್ನಬಹುದಾಗಿದ್ದ, ಈಗ ಮುಚ್ಚಿಹೋಗಿರುವ ಡ್ರೈವ್‌ಇನ್ ಹೋಟೆಲೊಂದರ ನಾಲ್ಕೂ ಶಾಖೆಗಳ ಚಿತ್ರಗಳು. ಅಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದ ನಮ್ಮ ಪಕ್ಕದ ಮನೆಯ, ಕುಂದಾಪುರ ಕಡೆಯ ಶೀನಣ್ಣನನ್ನು ಕರೆದುಕೊಂಡು ಹೋಗಿದ್ದೆ.

‘ಮೊದಲ ಶಾಖೆ’ ಎಂಬ ಚೀಟಿಯ ಮುಂದೆ ಅವರು ನಿಂತುಬಿಟ್ಟರು. “ಇದು ತಪ್ಪು. ಇದು ಎರಡನೆಯದ್ದು. ಈ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ್ರೆ ಸಾಂಬಾರಿಗೆ ಎಲೆ ಬೀಳ್ತಿತ್ತು.”

ಪ್ರದರ್ಶನ ಏರ್ಪಡಿಸಿದ್ದ ಕನ್ನಡದ ಹುಡುಗಿ ಒಪ್ಪಲಿಲ್ಲ. “ಇಲ್ಲ ಅಂಕಲ್, ಈ ಹೋಟೆಲ್ ಬಗ್ಗೆ ಬಂದ ಬುಕ್‌ನಲ್ಲೇ ಹಾಗೆ ಇದೆ.”

“ಬುಕ್ ಬರೆದವರು ಕಾರಿನೊಳಗೆ ಕೂತಿದ್ರು ಮಗಾ. ಕಿಟಕಿಗೆ ಟ್ರೇ ಸಿಕ್ಕಿಸಿ ಹೊರಗೆ ನಿಂತವ ನಾನು.”

ಹುಡುಗಿ ಕುರ್ಚಿ ತಂದು ಅವರನ್ನು ಕೂರಿಸಿ, ತಾನು ಪೆನ್ನು ಹಿಡಿದಳು. ಯಾವ ಶಾಖೆ ಮೊದಲು, ಯಾವುದು ಆಮೇಲೆ, ಯಾವ ಅಂಗಳದಲ್ಲಿ ಎಷ್ಟು ಕಾರು ಹಿಡಿಯುತ್ತಿತ್ತು, ಎಲ್ಲವನ್ನೂ ಶೀನಣ್ಣ ತಡವರಿಸದೆ ಹೇಳಿದರು. ಏಳು ಚೀಟಿಗಳು ಬದಲಾದವು. ಪ್ರತಿಯೊಂದರ ಕೆಳಗೂ ಅವಳು ‘ಮಾಹಿತಿ: ಶ್ರೀನಿವಾಸ, ಸಪ್ಲೈಯರ್’ ಎಂದು ಬರೆದಾಗ ನನಗೇ ಎದೆ ತುಂಬಿತು.

“ನಾಳೆಯೂ ಬನ್ನಿ ಅಂಕಲ್,” ಎಂದಳು.

“ಬರ್ತೇನೆ. ಆದ್ರೆ ಕಾಫಿ ನೀನೇ ತಂದುಕೊಡ್ಬೇಕು. ನಾನು ರಿಟೈರ್ ಆದವ.”