ಸೀಮೆಎಣ್ಣೆಯಲ್ಲಿ ಉಜ್ಜಿದ ಕಂಪ್ಯೂಟರ್

ತೊಂಬತ್ತರ ದಶಕದ ಆರಂಭದಲ್ಲಿ ನಾನು ಮುಂಬಯಿಯ ಬೈಕುಲ್ಲಾದ ಒಂದು ಕನ್ನಡ ಮುದ್ರಣಾಲಯದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಆ ಕಾಲಕ್ಕೆ ಅದು ಅರ್ಚಕ ಹುದ್ದೆಗೆ ಸಮ. ಚಪ್ಪಲಿ ಬಿಟ್ಟೇ ಗರ್ಭಗುಡಿಗೆ ಪ್ರವೇಶ. ದೇವರು ಮಾತ್ರ ನಾಲ್ಕು ಪುಟ ಜೋಡಿಸುವಷ್ಟರಲ್ಲಿ ಸ್ತಬ್ಧನಾಗುತ್ತಿದ್ದ. ಮೆಮೊರಿ ಹೆಚ್ಚಿಸಿದರೆ ಇಡೀ ಪುಸ್ತಕ ಅದರಲ್ಲೇ ಮುಗಿಯುತ್ತದೆ, ಸೀಸದ ಅಕ್ಷರಗಳನ್ನೆಲ್ಲ ಗುಜರಿಗೆ ಹಾಕಬಹುದು ಎಂದು ಉಡುಪಿ ಕಡೆಯ ಮಾಲೀಕರು ನಿಶ್ಚಯಿಸಿದರು. ಆ ಅಕ್ಷರಗಳನ್ನು ಮೂವತ್ತು ವರ್ಷ ಜೋಡಿಸಿದ್ದ ಧಾರವಾಡ ಕಡೆಯ ಕಂಪೋಸಿಟರ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಗುಜರಿಯ ಪಟ್ಟಿಯಲ್ಲಿ ತಾವೂ ಇದ್ದೇವೆಂಬುದು ಅವರಿಗೆ ತಿಳಿದಿತ್ತು.

ಮೆಮೊರಿ ಎಷ್ಟಿದೆ ಎಂಬುದನ್ನು ಪರದೆ ಹೇಳುತ್ತಿತ್ತು. ಎಂಥದ್ದು ಎಂಬುದು ಕಂಪ್ಯೂಟರ್ ಡಬ್ಬಿಯ ಹಿಂಬದಿಗೆ ಅಂಟಿಸಿದ್ದ ಚೀಟಿಯಲ್ಲಿತ್ತು. ತಪ್ಪು ಜಾತಿಯದು ತಂದರೆ ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. ಪೆನ್ಸಿಲು ಹಿಡಿದು ಬಗ್ಗಿ ನೋಡಿದರೆ, ಚೀಟಿಯ ಮೇಲೆ ಒಂದಕ್ಷರವಿಲ್ಲ. ಆಯುಧಪೂಜೆಯ ದಿನ ಕಂಪೋಸಿಟರು ಮುದ್ರಣಯಂತ್ರದ ಜೊತೆಗೆ ಈ ಡಬ್ಬಿಯನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ, ಅರಿಸಿನ ಕುಂಕುಮ ಇಟ್ಟಿದ್ದರು.

“ಬೇಕಂತಲೇ ಮಾಡಿದ್ದಲ್ವಾ ನೀವು?” ಅಂದರು ಮಾಲೀಕರು.

“ಮಷೀನ್ ಅಂದಮ್ಯಾಲ ಘಾಸ್ಲೇಟ್ ಹಾಕಿ ತಿಕ್ಕಬೇಕ್ರೀ. ನಿಮ್ಮಪ್ಪಾರೇ ಕಲಿಸ್ಯಾರ. ನೀವು ಕಲೀಲಿಲ್ಲ.”

ಮಾಲೀಕರ ಕೈ ಕಂಪೋಸಿಟರ ಬಾಯಿಗೆ ಬಿತ್ತು. ತುಟಿ ಒಡೆಯಿತು. ಕಂಪೋಸಿಟರು ಸೀಸದ ಅಚ್ಚುಮೊಳೆಗಳನ್ನು ತಟ್ಟಿ ಸಮ ಮಾಡುವ ಮರದ ಕೊಡತಿಯನ್ನು ನಿಧಾನವಾಗಿ ಆರಿಸಿಕೊಂಡು ಮಾಲೀಕರ ಹೆಗಲಿಗೆ ಬಾರಿಸಿದರು. ಎರಡನೆಯ ಪೆಟ್ಟು ಕಂಪ್ಯೂಟರಿಗೆ ಉದ್ದೇಶಿತವಾಗಿತ್ತು. ನಾನು ಅಡ್ಡಬಂದು ಅದನ್ನು ಮೊಣಕೈಯಲ್ಲಿ ಸ್ವೀಕರಿಸಿದೆ. ಶಾಂತಿ ಸಂಧಾನದ ಕ್ರಮವೇ ಹಾಗೆ.

ಮಾಲೀಕರು ಸ್ಟೂಲಿನ ಮೇಲೆ ಕುಸಿದು, “ಒಡೆದಾದ್ರೂ ತೆಗಿ ಮಾರಾಯ” ಅಂದರು. ಸ್ಕ್ರೂಗಳು ಬಿಗಿದಿದ್ದವು. ತಗಡು ಕಿತ್ತುಬರುವಾಗ ನನ್ನ ಅಂಗೈಯನ್ನು ಉದ್ದಕ್ಕೆ ಸೀಳಿತು. ಒಳಗೆ ಮೆಮೊರಿಯ ಚಿಪ್‌ಗಳು ಒತ್ತಾಗಿ ಕೂತಿದ್ದವು. ಬರಹ ಇರುವೆಗಿಂತ ಚಿಕ್ಕದು, ಮೇಲಾಗಿ ತಲೆಕೆಳಗು. ನನಗೆ ಓದಲಾಗಲಿಲ್ಲ, ಮಾಲೀಕರಿಗೆ ಕತ್ತು ಬಗ್ಗಿಸಲೇ ಆಗಲಿಲ್ಲ.

ಕಂಪೋಸಿಟರು ತೋಳಿನಿಂದ ರಕ್ತ ಒರೆಸಿಕೊಂಡು ಬಂದರು. ತಲೆಕೆಳಗಾದ, ತಿರುಗುಮುರುಗಾದ ಅಕ್ಷರ ಓದಿಯೇ ಅನ್ನ ತಿಂದವರು.

“ಬರ್ಕೋರೀ,” ಅಂದರು. ಅಕ್ಷರಗಳು, ಅಂಕೆಗಳು, ನಡುವಿನ ಅಡ್ಡಗೆರೆ, ಒಂದನ್ನೂ ಬಿಡಲಿಲ್ಲ. ಒಂದು ಅಂಕೆ ತಪ್ಪು ಹೇಳಿದ್ದರೆ ಸಾಕಿತ್ತು, ಅವರ ಕೆಲಸ ಇನ್ನಷ್ಟು ತಿಂಗಳು ಉಳಿಯುತ್ತಿತ್ತು. ನನಗೆ ಆ ಅನುಮಾನ ಬಂದದ್ದು ಅವರಿಗೂ ಕಂಡಿರಬೇಕು.

“ಇನ್ನೊಮ್ಮೆ ಓದ್ತೀನಿ, ತಾಳೆ ನೋಡ್ಕೋರೀ. ನನ್ನ ಪ್ರೂಫಿನ್ಯಾಗ ತಪ್ಪು ಇರಬಾರದು.”

ನಾನು ಬರೆದುಕೊಂಡು ಹೋದ, ರಕ್ತದ ಕಲೆಯ ಚೀಟಿಯನ್ನು ಅಂಗಡಿಯವನು ತುದಿ ಬೆರಳಲ್ಲಿ ಹಿಡಿದು ಓದಿದ. ತಂದ ಮೆಮೊರಿ ಸರಿಯಾಗಿ ಕೂತಿತು. ಕಂಪೋಸಿಟರು ಆ ಶನಿವಾರ ಅಂಗಿ ಕೊಡವಿಕೊಂಡು ಹೊರಟುಹೋದರು. ಗುಜರಿಯವನು ಬಂದು ಮೊಳೆಗಳನ್ನೆಲ್ಲ ಗೋಣಿಗೆ ತುಂಬಿ, ಕೊಡತಿಗೂ ಕೈ ಹಾಕಿದ. ಮಾಲೀಕರು ಹೆಗಲು ಮುಟ್ಟಿಕೊಂಡರು.

“ಅದು ಬಿಡು,” ಅಂದರು. “ಅವರದ್ದು.”